ಅಂಚಿನ ಅಕ್ಷರಗಳು: ಮನೆಯಲ್ಲಿರುವ ವಾಯುಸೇನೆಯ ಪದಕಗಳನ್ನು ಓದುವ, ಕಾಪಾಡುವ ಬಗೆ

ನಮ್ಮ ಮನೆಯಲ್ಲಿ ಅಪ್ಪನ ಪದಕಗಳು ಇದ್ದದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಆ ಡಬ್ಬಿ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಅಮ್ಮ ಒಂದೊಂದು ಪದಕವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಇಡುತ್ತಿದ್ದರು. ಪಕ್ಕದಲ್ಲೇ ಅಪ್ಪನ ಸ್ಪ್ಯಾನರುಗಳು. ಸಂಜೆಗೆ ಎಲ್ಲವೂ ಮತ್ತೆ ಡಬ್ಬಿಯೊಳಗೆ. ಅಪ್ಪ ವಾಯುಸೇನೆಯಲ್ಲಿ ಇಪ್ಪತ್ತು ವರ್ಷ, ವಿಮಾನದ ಒಡಲನ್ನು ದುರಸ್ತಿ ಮಾಡುವ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ನಾನು ಮೊದಲ ಬಾರಿಗೆ ಆ ಪದಕಗಳನ್ನು ಕಿಟಕಿಯ ಬಳಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನ ಮೇಲೆ ಸುತ್ತಲೂ ಪುಟ್ಟ ಅಕ್ಷರಗಳು. ಎರಡು ಪದಕಗಳಲ್ಲಿ ಅವು ಓದಲಾಗದಷ್ಟು ಸವೆದಿದ್ದವು. ಮೂವತ್ತು ವರ್ಷಗಳ ಹುಣಸೆಹುಳಿ, ಮೂವತ್ತು ವರ್ಷಗಳ ಭಕ್ತಿ.

ನಿಮ್ಮ ಮನೆಯ ಡಬ್ಬಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ವಿಮಾನ ಹಾರಿಸಿದವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ವಿಮಾನವನ್ನು ಹಾರಲು ಸಿದ್ಧಪಡಿಸಿದ ಫಿಟ್ಟರ್, ರಾತ್ರಿಯಿಡೀ ಕುಳಿತ ರಾಡಾರ್ ಆಪರೇಟರ್, ಮದ್ದುಗುಂಡು ತುಂಬಿದ ಆರ್ಮಮೆಂಟ್ ಫಿಟ್ಟರ್ ಇವರ ಬದುಕು ಬಹುಪಾಲು ಉಳಿದಿರುವುದು ಆ ಅಂಚಿನ ಅಕ್ಷರಗಳಲ್ಲಿ ಮತ್ತು ಮಾಸಿದ ನಾಲ್ಕಾರು ಕಾಗದಗಳಲ್ಲಿ.

ಮೊದಲು: ತೊಳೆಯಬೇಡಿ

ಪದಕಗಳು ಕೈಗೆ ಬಂದ ದಿನ ಅವುಗಳನ್ನು ಹೊಳೆಯಿಸುವ ಆಸೆಯಾಗುತ್ತದೆ. ಬೇಡ. ಹುಣಸೆಹಣ್ಣು, ನಿಂಬೆ, ಬೂದಿ, ಪಾತ್ರೆ ತೊಳೆಯುವ ಪುಡಿ, ಹಿತ್ತಾಳೆ ಪಾಲಿಶ್ ಇವೆಲ್ಲ ಲೋಹದ ಮೇಲ್ಪದರವನ್ನೇ ತೆಗೆಯುತ್ತವೆ. ನಮ್ಮ ಸೇವಾ ಪದಕಗಳಲ್ಲಿ ಹೆಚ್ಚಿನವು ತಾಮ್ರ ಮತ್ತು ನಿಕ್ಕಲ್‌ನ ಮಿಶ್ರಲೋಹದವು. ಯುದ್ಧಕ್ಕೆ ಕೊಟ್ಟ ನಕ್ಷತ್ರದ ಆಕಾರದ ಪದಕಗಳು ಕಂಚಿನ ಬಣ್ಣದವು. ಅವು ಕಪ್ಪಾಗುವುದು ಸಹಜ, ಆ ಕಪ್ಪು ಪದರ ಲೋಹಕ್ಕೆ ಹೊದಿಕೆಯಂತೆ. ಮೆತ್ತನೆಯ ಒಣ ಹತ್ತಿಬಟ್ಟೆಯಿಂದ, ಹಳೆಯ ಪಂಚೆಯ ತುಂಡಾದರೂ ಸರಿ, ಒಮ್ಮೆ ಧೂಳು ಒರೆಸಿದರೆ ಸಾಕು. ಹಳೆಯ ಕುಂಕುಮ ಗೆರೆಗಳಲ್ಲಿ ಕುಳಿತಿದ್ದರೆ ಒಣ ಮೆದು ಬ್ರಷ್‌ನಿಂದ ನಿಧಾನವಾಗಿ ಬಿಡಿಸಿ. ಪೂಜೆ ನಿಲ್ಲಿಸಬೇಕಿಲ್ಲ. ಈಗ ನಮ್ಮ ಮನೆಯಲ್ಲಿ ಪದಕಗಳ ಮುಂದೆ ಒಂದು ವೀಳ್ಯದೆಲೆ ಇಟ್ಟು ಕುಂಕುಮವನ್ನು ಅದಕ್ಕೆ ಹಚ್ಚುತ್ತೇವೆ. ಅಮ್ಮ ಇದಕ್ಕೆ ಒಪ್ಪಲು ಒಂದು ವರ್ಷ ಬೇಕಾಯಿತು.

ರಿಬ್ಬನ್ನುಗಳನ್ನು ಬಿಚ್ಚಿ ಒಗೆಯಬೇಡಿ, ಬಣ್ಣ ಬಿಡುತ್ತದೆ. ಪಿನ್ನಿಗೆ ಪೋಣಿಸಿದ ಸಾಲನ್ನು ಬೇರ್ಪಡಿಸುವ ಮುನ್ನ ಇದ್ದ ಹಾಗೆಯೇ ಮುಂದಿನಿಂದ, ಹಿಂದಿನಿಂದ ಫೋಟೊ ತೆಗೆದುಕೊಳ್ಳಿ. ಆ ಕ್ರಮವೇ ಒಂದು ದಾಖಲೆ.

ಅಂಚನ್ನು ಓದಿ

ಬೆಳಗಿನ ಓರೆ ಬಿಸಿಲು ಬೀಳುವ ಕಿಟಕಿಯ ಬಳಿ ಕುಳಿತುಕೊಳ್ಳಿ. ಪದಕವನ್ನು ಎರಡು ಬೆರಳುಗಳ ನಡುವೆ ನಾಣ್ಯದಂತೆ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸುತ್ತ ಹೋಗಿ. ಬೆಳಕು ನೇರವಾಗಿ ಬಿದ್ದರೆ ಏನೂ ಕಾಣುವುದಿಲ್ಲ, ಓರೆಯಾಗಿ ಬಿದ್ದಾಗ ಅಕ್ಷರಗಳ ನೆರಳು ಏಳುತ್ತದೆ. ಸ್ವತಂತ್ರ ಭಾರತದ ಪದಕಗಳಲ್ಲಿ ಸಾಮಾನ್ಯವಾಗಿ ಸೇವಾ ಸಂಖ್ಯೆ, ಹುದ್ದೆ, ಹೆಸರು, ಹಲವು ಬಾರಿ ಟ್ರೇಡ್ ಅಂದರೆ ಕಸುಬು, ಕೊನೆಗೆ ಐಎಎಫ್ (ಭಾರತೀಯ ವಾಯುಸೇನೆ) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ನಕ್ಷತ್ರದ ಆಕಾರದ ಪದಕವಾದರೆ ಹಿಂಬದಿಯನ್ನೂ ನೋಡಿ.

ಕಂಡದ್ದನ್ನು ಕಂಡಂತೆಯೇ, ತಪ್ಪು ಕಾಗುಣಿತವಿದ್ದರೆ ತಪ್ಪಿನೊಂದಿಗೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಮ್ಮ ಕಡೆಯ ಹೆಸರುಗಳು ಅಲ್ಲಿ ವಿಚಿತ್ರವಾಗಿ ಕಾಣುತ್ತವೆ. ಊರಿನ ಹೆಸರು ಮೊದಲಕ್ಷರವಾಗಿ ಕುಗ್ಗಿರುತ್ತದೆ, ಅಪ್ಪನ ಹೆಸರೇ ಅಡ್ಡಹೆಸರಾಗಿರುತ್ತದೆ. ಸೇವಾ ಸಂಖ್ಯೆಯನ್ನಂತೂ ಎರಡು ಸಲ ಪರೀಕ್ಷಿಸಿ. ಮುಂದೆ ಎಲ್ಲ ಕಚೇರಿಗಳೂ ಕೇಳುವುದು ಅದನ್ನೇ.

ಹುದ್ದೆಗಳ ಸಂಕ್ಷೇಪಗಳು ತಿಳಿದಿರಲಿ. ಎಸಿ ಎಂದರೆ ಏರ್‌ಕ್ರಾಫ್ಟ್‌ಮನ್, ಎಲ್‌ಎಸಿ ಎಂದರೆ ಲೀಡಿಂಗ್ ಏರ್‌ಕ್ರಾಫ್ಟ್‌ಮನ್. ಆಮೇಲೆ ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ಹಳಬರ ಕಾಗದಗಳಲ್ಲಿ ಫ್ಲೈಟ್ ಸಾರ್ಜೆಂಟ್ ಎಂಬ ಹುದ್ದೆಯೂ ಕಾಣುತ್ತದೆ. ಒಬ್ಬರದೇ ಪದಕಗಳಲ್ಲಿ ಬೇರೆ ಬೇರೆ ಹುದ್ದೆಗಳಿದ್ದರೆ ಗಾಬರಿಯಾಗಬೇಡಿ. ಅಪ್ಪನ 1965ರ ನಕ್ಷತ್ರದ ಮೇಲೆ ಎಲ್‌ಎಸಿ, 1971ರದರ ಮೇಲೆ ಕಾರ್ಪೊರಲ್. ಆರು ವರ್ಷಗಳ ನಡುವೆ ಒಂದು ಬಡ್ತಿ. ಅದನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ, ಎರಡು ಲೋಹದ ಅಂಚುಗಳು ಹೇಳಿದವು.

ಅಂಚು ಬರಿದಾಗಿದ್ದರೆ ಎರಡು ಮೂರು ಕಾರಣಗಳಿರಬಹುದು. ಪದಕಕ್ಕೆ ಅರ್ಹರಾದ ಎಷ್ಟೋ ಜನರಿಗೆ ನಿಜವಾದ ಪದಕ ಕೈಸೇರಲು ವರ್ಷಗಳೇ ಹಿಡಿದಿವೆ. ಹಾಗಾಗಿ ಸಮವಸ್ತ್ರಕ್ಕೆ ಹಾಕಿಕೊಳ್ಳಲು ಅಂಗಡಿಯಿಂದ ಪ್ರತಿಯನ್ನು ಕೊಳ್ಳುವುದು ರೂಢಿಯಲ್ಲಿತ್ತು. ಅಂಗಡಿಯ ಪ್ರತಿಯಲ್ಲಿ ಹೆಸರಿರುವುದಿಲ್ಲ. ಎರಡನೇ ಮಹಾಯುದ್ಧದ 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್‌ಗಳಲ್ಲೂ ಹೆಸರಿಲ್ಲದವು ಸಿಗುತ್ತವೆ. ಬರಿದಾದ ಅಂಚನ್ನು ಕಂಡು ಇದು ನಕಲಿ ಎಂದು ಎಸೆಯಬೇಡಿ. ಅಂಗಡಿಯದೇ ಆಗಿದ್ದರೂ ಅದು ಅವರ ಎದೆಯ ಮೇಲಿದ್ದ ಪದಕ.

ಸಾಲು ಏನು ಹೇಳುತ್ತದೆ

ಪದಕಗಳನ್ನು ಎಡ ಎದೆಯ ಮೇಲೆ ಧರಿಸುತ್ತಾರೆ. ಎದೆಯ ನಡುವಿಗೆ ಹತ್ತಿರವಿರುವುದು ಹೆಚ್ಚು ಮಾನ್ಯವಾದದ್ದು. ಎದುರಿನಿಂದ ನೋಡುವ ನಿಮಗೆ ಅದು ಎಡತುದಿಯಲ್ಲಿ ಕಾಣುತ್ತದೆ. ಕ್ರಮ ಮೊದಲೇ ನಿಗದಿಯಾಗಿರುವುದರಿಂದ ಸಾಲನ್ನು ವಾಕ್ಯದಂತೆ ಓದಬಹುದು.

ಅಪ್ಪನ ಸಾಲು ಹೀಗಿತ್ತು: ಸಮರ ಸೇವಾ ಸ್ಟಾರ್, ಪಶ್ಚಿಮೀ ಸ್ಟಾರ್, ರಕ್ಷಾ ಪದಕ, ಸಂಗ್ರಾಮ ಪದಕ, ಸೈನ್ಯ ಸೇವಾ ಪದಕ, ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ, 20 ವರ್ಷ ದೀರ್ಘ ಸೇವಾ ಪದಕ, 9 ವರ್ಷ ದೀರ್ಘ ಸೇವಾ ಪದಕ.

ಇದನ್ನು ಬಿಡಿಸೋಣ. ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ ಎರಡೂ 1965ರ ಯುದ್ಧಕ್ಕೆ ಸಂಬಂಧಿಸಿದವು. ರಕ್ಷಾ ಪದಕ ಆಗ ಸೇವೆಯಲ್ಲಿದ್ದ ಬಹುಪಾಲು ಎಲ್ಲರಿಗೂ ಸಿಕ್ಕಿತು. ನಕ್ಷತ್ರ ಸಿಕ್ಕಿದ್ದು ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದವರಿಗೆ. ಆದ್ದರಿಂದ ಎರಡೂ ಇದ್ದರೆ ಅವರು ಗಡಿಯ ಹತ್ತಿರದ ವಾಯುನೆಲೆಯೊಂದರಲ್ಲಿ ಇದ್ದಿರಬೇಕು. ಯಾವುದು ಎಂದು ಹುಡುಕುವುದು ನಿಮ್ಮ ಮುಂದಿನ ಕೆಲಸ. ಪಠಾಣ್‌ಕೋಟ್, ಆದಮ್‌ಪುರ, ಹಲ್ವಾರಾ ಆ ಯುದ್ಧದಲ್ಲಿ ಹೊಡೆತ ತಿಂದ ನೆಲೆಗಳು. 1971ಕ್ಕೂ ಇದೇ ಜೋಡಿ. ಪೂರ್ವೀ ಸ್ಟಾರ್ ಎಂದರೆ ಬಾಂಗ್ಲಾದೇಶದ ಕಡೆಯ ರಂಗ, ಪಶ್ಚಿಮೀ ಸ್ಟಾರ್ ಎಂದರೆ ಪಾಕಿಸ್ತಾನದ ಗಡಿಯ ಕಡೆಯದು, ಸಂಗ್ರಾಮ ಪದಕ ಹೆಚ್ಚು ವ್ಯಾಪಕವಾದದ್ದು. 1999ರ ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್. ವಾಯುಸೇನೆಯ ಕಾರ್ಯಾಚರಣೆಯ ಹೆಸರು ಸಫೇದ್ ಸಾಗರ್ ಆಗಿದ್ದರೂ ಪದಕದ ಹೆಸರು ವಿಜಯ್ ಎಂದೇ.

ರಿಬ್ಬನ್ನಿಗೆ ಅಡ್ಡಲಾಗಿ ಲೋಹದ ಪಟ್ಟಿ ಇದೆಯೇ ನೋಡಿ. ಅದಕ್ಕೆ ಕ್ಲಾಸ್ಪ್ ಎನ್ನುತ್ತಾರೆ, ಅದರ ಮೇಲೆ ಪ್ರದೇಶದ ಹೆಸರಿರುತ್ತದೆ. ಸೈನ್ಯ ಸೇವಾ ಪದಕ ಯುದ್ಧವಿಲ್ಲದ ಕಾಲದಲ್ಲಿ ಕಠಿಣ ಪ್ರದೇಶಗಳಲ್ಲಿ ಮಾಡಿದ ಸೇವೆಗೆ ಸಿಗುತ್ತದೆ. ಅದರ ಕ್ಲಾಸ್ಪ್‌ಗಳಲ್ಲಿ ಜಮ್ಮು ಮತ್ತು ಕಾಶ್ಮೀರ, ನೇಫಾ (ಇಂದಿನ ಅರುಣಾಚಲ ಪ್ರದೇಶ), ಹಿಮಾಲಯ, ಅಂಡಮಾನ್ ಮತ್ತು ನಿಕೋಬಾರ್ ಮುಂತಾದವು ಇವೆ. ವಿದೇಶ ಸೇವಾ ಪದಕದ ಪಟ್ಟಿಯ ಮೇಲೆ ದೇಶದ ಹೆಸರೇ ಇರುತ್ತದೆ. ಶ್ರೀಲಂಕಾ ಎಂದಿದ್ದರೆ 1987ರಿಂದ 1990ರವರೆಗಿನ ಶಾಂತಿಪಾಲನಾ ಪಡೆಯ ಕಾಲವನ್ನು ನೆನೆಯಿರಿ. 1947ರ ಜನರಲ್ ಸರ್ವಿಸ್ ಮೆಡಲ್‌ಗೆ ಗೋವಾ 1961 ಎಂಬ ಕ್ಲಾಸ್ಪ್ ಇದೆ. ಇದು ನಮ್ಮ ನಾಡಿಗೆ ಹತ್ತಿರದ ಕತೆ: 1961ರ ಡಿಸೆಂಬರ್ 18ರಂದು ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಮೇಲೆದ್ದದ್ದು ಬೆಳಗಾವಿಯ ಸಾಂಬ್ರಾದಿಂದ.

ಪದಕಗಳ ಪೈಕಿ ಜನ ತೀರ ಕಡೆಗಣಿಸುವುದು ವಾರ್ಷಿಕೋತ್ಸವದ ಪದಕಗಳನ್ನು. ಎಲ್ಲರಿಗೂ ಕೊಟ್ಟದ್ದು, ಅದರಲ್ಲೇನಿದೆ ಎನ್ನುತ್ತಾರೆ. ಇತಿಹಾಸ ಕಟ್ಟುವವರಿಗೆ ಅವು ಗಡಿಕಲ್ಲುಗಳು. 25ನೇ ವಾರ್ಷಿಕೋತ್ಸವದ ಪದಕ ಇದ್ದರೆ 1972ರ ಆಗಸ್ಟ್ 15ರಂದು ಆ ಮನುಷ್ಯ ಸಮವಸ್ತ್ರದಲ್ಲಿದ್ದ. 50ನೆಯದು ಇದ್ದರೆ 1997ರಲ್ಲೂ ಇದ್ದ. 9 ವರ್ಷದ ಪದಕ ಇದ್ದು 20 ವರ್ಷದ್ದು ಇಲ್ಲದಿದ್ದರೆ ನಡುವೆ ಎಲ್ಲೋ ಬಿಡುಗಡೆಯಾಗಿರಬಹುದು. ಪಿಂಚಣಿಗೆ 15 ವರ್ಷ ಸಾಕಾಗುತ್ತಿದ್ದುದರಿಂದ ಎಷ್ಟೋ ಜನ ಅಲ್ಲಿಗೆ ನಿಲ್ಲಿಸಿದರು. ಬರಿಯ ಪದಕಗಳಿಂದಲೇ ಸೇವೆಯ ಮೊದಲು ಕೊನೆಗಳನ್ನು ನಾಲ್ಕೈದು ವರ್ಷಗಳ ಅಂತರದಲ್ಲಿ ಗುರುತಿಸಬಹುದು.

ರಿಬ್ಬನ್ನಿನ ಮೇಲೆ ಪುಟ್ಟ ಕಮಲದ ಎಲೆ ಕಂಡರೆ ನಿಲ್ಲಿ. ಅದು ಮೆನ್ಷನ್ ಇನ್ ಡಿಸ್ಪ್ಯಾಚಸ್, ಅಂದರೆ ಸೇನಾ ವರದಿಯಲ್ಲಿ ಹೆಸರು ಉಲ್ಲೇಖಿಸುವ ಗೌರವದ ಗುರುತು. ಅದು, ವಾಯು ಸೇನಾ ಪದಕ, ವೀರ ಚಕ್ರ ಇವೆಲ್ಲ ವ್ಯಕ್ತಿಯ ಹೆಸರು ಹೇಳಿ ಕೊಡುವ ಗೌರವಗಳು. ಶೌರ್ಯ ಪದಕಗಳ ಘೋಷಣೆ ಭಾರತದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ, ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು. ಸಾಮಾನ್ಯ ಸೇವಾ ಪದಕ ಪಡೆದವರ ಹೆಸರುಗಳು ಅಲ್ಲಿ ಸಿಗುವುದಿಲ್ಲ, ಅದಕ್ಕಾಗಿ ಹುಡುಕಿ ಬೇಸರಪಡಬೇಡಿ.

ಕಾಗದಗಳು

ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸೇರಿದ ದಿನ, ಬಿಡುಗಡೆಯ ದಿನ, ಟ್ರೇಡ್, ಹುದ್ದೆ, ನಡತೆ, ಪದಕಗಳ ಪಟ್ಟಿ ಎಲ್ಲ ಅದರಲ್ಲಿರುತ್ತದೆ. ಆ ಪಟ್ಟಿಯನ್ನು ಡಬ್ಬಿಯಲ್ಲಿರುವ ಪದಕಗಳೊಂದಿಗೆ ಹೋಲಿಸಿ, ಪುಸ್ತಕದಲ್ಲಿದ್ದು ಡಬ್ಬಿಯಲ್ಲಿ ಇಲ್ಲದ್ದನ್ನು ಗುರುತು ಮಾಡಿಟ್ಟುಕೊಳ್ಳಿ. ಜೊತೆಗೆ ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್, ತರಬೇತಿಯ ಪ್ರಮಾಣಪತ್ರಗಳು. ಏರ್‌ಮನ್‌ಗಳ, ಅಂದರೆ ಅಧಿಕಾರಿಗಳಲ್ಲದ ವಾಯುಸೈನಿಕರ, ತರಬೇತಿಗೆ ಸಾಂಬ್ರಾ, ಜಾಲಹಳ್ಳಿ, ತಾಂಬರಂ ದೊಡ್ಡ ಕೇಂದ್ರಗಳು. ಹಾಗಾಗಿ ಬೇರೆ ರಾಜ್ಯದ ಎಷ್ಟೋ ಏರ್‌ಮನ್‌ಗಳ ಮೊದಲ ಫೋಟೊ ಬೆಂಗಳೂರಿನ ಯಾವುದೋ ಸ್ಟುಡಿಯೊದ್ದು.

ಯಾವ ಕಾಗದವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಒಮ್ಮೆ ಬಿಸಿ ಪ್ಲಾಸ್ಟಿಕ್ಕಿನೊಳಗೆ ಹೋದ ಕಾಗದವನ್ನು ಮತ್ತೆ ಹೊರತೆಗೆಯಲಾಗದು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಖಾಲಿ ಪುಟಗಳನ್ನೂ, ಹಿಂಬದಿಯ ಮುದ್ರೆಗಳನ್ನೂ ಬಿಡದೆ. ಫೋಟೊಗಳ ಹಿಂದೆ ಬರೆಯುವುದಿದ್ದರೆ ಮೆದು ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ.

ಮನೆಯೊಳಗಿನ ಸಾಕ್ಷಿಗಳು

ಇಲ್ಲಿ ನಿಧಾನಿಸಿ. ಸೇನೆಯ ಕಾಗದಗಳು ಎಲ್ಲಿ ಎಂಬುದನ್ನು ಹೇಳಿದರೂ ಹೇಗೆ ಎಂಬುದನ್ನು ಹೇಳುವುದಿಲ್ಲ. ಎಷ್ಟೋ ಬಾರಿ ಎಲ್ಲಿ ಎಂಬುದನ್ನೂ ಹೇಳುವುದಿಲ್ಲ.

ನನಗೆ ಅಪ್ಪನ ವರ್ಗಾವಣೆಗಳ ಪಟ್ಟಿ ಸಿಕ್ಕಿದ್ದು ಅಕ್ಕನ ಮತ್ತು ನನ್ನ ಶಾಲೆಯ ವರ್ಗಾವಣೆ ಪತ್ರಗಳಿಂದ. ಕೇಂದ್ರೀಯ ವಿದ್ಯಾಲಯಗಳ ಟಿಸಿಯಲ್ಲಿ ಬಿಟ್ಟ ದಿನಾಂಕವೂ ಕಾರಣವೂ ಇರುತ್ತದೆ: ತಂದೆಯ ವರ್ಗಾವಣೆ. ಅಕ್ಕನ ಜನನ ಪತ್ರ ಸೇನಾ ಆಸ್ಪತ್ರೆಯದು, ಊರು ಜೋಧ್‌ಪುರ, ವರ್ಷ 1970. ಪಶ್ಚಿಮೀ ಸ್ಟಾರ್ ಎಲ್ಲಿಂದ ಬಂತು ಎಂಬುದಕ್ಕೆ ಅದೇ ಮೊದಲ ಸುಳಿವು. ಲಸಿಕೆಯ ಚೀಟಿ, ರೇಡಿಯೊ ಪರವಾನಗಿ, ಮನಿಯಾರ್ಡರ್ ರಸೀದಿ, ಮದುವೆಯ ಉಡುಗೊರೆಯ ಹಿತ್ತಾಳೆ ಪಾತ್ರೆಯ ಮೇಲೆ ಕೆತ್ತಿದ ಘಟಕದ ಹೆಸರು ಎಲ್ಲವನ್ನೂ ನೋಡಿ. ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರಿರದೆ ಬರಿಯ ಸಂಖ್ಯೆಯ ಜೊತೆ ಎಪಿಒ (ಸೇನಾ ಅಂಚೆ ಕಚೇರಿ) ಎಂದಷ್ಟೇ ಇರಬಹುದು. ಅಂಥವನ್ನು ದಿನಾಂಕದ ಪ್ರಕಾರ ಜೋಡಿಸಿಡಿ, ಇತರ ಕಾಗದಗಳು ಸಿಕ್ಕಂತೆ ಅರ್ಥ ಬಿಟ್ಟುಕೊಡುತ್ತವೆ.

ಪದಕ ಪಡೆದವರು ಬದುಕಿದ್ದರೆ ಇಂದೇ ಕೂತು ಕೇಳಿ. ಯುದ್ಧದ ಬಗ್ಗೆ ಹೇಳಿ ಎಂದರೆ ಯಾರೂ ಹೇಳುವುದಿಲ್ಲ. ನಮ್ಮ ಅಪ್ಪನೂ ಅಂಥ ಪ್ರಶ್ನೆಗೆ ಏನೂ ಇಲ್ಲ, ಕೆಲಸ ಮಾಡುತ್ತಿದ್ದೆವು ಎಂದು ಎದ್ದುಹೋಗುತ್ತಿದ್ದರು. ಸಣ್ಣದನ್ನು ಕೇಳಿ. ಯಾವ ವಿಮಾನದ ಮೇಲೆ ಕೆಲಸ ಮಾಡುತ್ತಿದ್ದಿರಿ, ನ್ಯಾಟ್ ಆಗಿತ್ತೇ, ಮಿಸ್ಟೇರ್ ಆಗಿತ್ತೇ? ಉಪಕರಣದ ಪೆಟ್ಟಿಗೆಯಲ್ಲಿ ಏನೇನಿತ್ತು? ಚಳಿಗಾಲದಲ್ಲಿ ರೆಕ್ಕೆಯ ಲೋಹ ಮುಟ್ಟಿದರೆ ಕೈಗೆ ಏನಾಗುತ್ತಿತ್ತು? ಪಕ್ಕದ ಮಂಚದಲ್ಲಿ ಮಲಗುತ್ತಿದ್ದವರು ಯಾವ ಊರಿನವರು? ದಿನಾಂಕದ ಒಂದು ಗೂಟ ಕೊಟ್ಟರೆ ನೆನಪು ಅದಕ್ಕೆ ಸುತ್ತಿಕೊಳ್ಳುತ್ತದೆ. 1965ರ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿಯಾಯಿತು, ಆಗ ನೀವೆಲ್ಲಿದ್ದಿರಿ? 1971ರ ಡಿಸೆಂಬರ್ 3ರ ಸಂಜೆ ಪಶ್ಚಿಮದ ಹಲವು ನೆಲೆಗಳ ಮೇಲೆ ಬಾಂಬ್ ಬಿತ್ತು, ಊಟ ಆಗಿತ್ತೇ?

ಆ ಕೊನೆಯ ಪ್ರಶ್ನೆಯನ್ನು ನಾನು ಅಪ್ಪನಿಗೆ ಕೇಳಲಾಗಲಿಲ್ಲ. ಅಮ್ಮನಿಗೆ ಕೇಳಿದೆ. ಅವರು ತಡವರಿಸಲಿಲ್ಲ. ಕ್ವಾರ್ಟರ್ಸಿನ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದು, ಅಂಗಳದಲ್ಲಿ ತೋಡಿದ ಕಂದಕ, ಒಂದು ವರ್ಷದ ಅಕ್ಕನನ್ನು ಸೆರಗಿನಲ್ಲಿ ಸುತ್ತಿಕೊಂಡು ಅದರೊಳಗೆ ಇಳಿದದ್ದು, ಅಪ್ಪ ಆರು ದಿನ ಮನೆಗೆ ಬಾರದೆ ಏಳನೆಯ ದಿನ ಬಂದಾಗ ಬಟ್ಟೆಯಿಂದ ಬಂದ ಎಣ್ಣೆಯ ವಾಸನೆ, ಅದನ್ನು ನೆನೆಸಿದ ಬಕೆಟ್ಟಿನ ನೀರು ಕಪ್ಪಾದದ್ದು. ಐವತ್ತು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ. ಹೆಂಡತಿಯರನ್ನು ಕೇಳಿ. ವರ್ಗಾವಣೆಯ ಟ್ರಂಕುಗಳನ್ನು ಕಟ್ಟಿದವರು, ಬಿಚ್ಚಿದವರು ಅವರು, ಯಾವ ಊರಿನಲ್ಲಿ ಎಷ್ಟು ಚಳಿ ಎಂಬುದು ಅವರಿಗೆ ದಿನಾಂಕದ ಸಮೇತ ನೆನಪಿರುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಅವರು ದಣಿಯುವ ಮೊದಲೇ ನಿಲ್ಲಿಸಿ. ಅವರು ಹೇಳಿದ ಊರು, ದಿನಾಂಕಗಳನ್ನು ಕಾಗದದೊಂದಿಗೆ ಹೋಲಿಸಿ, ಹೊಂದದಿದ್ದರೆ ಎರಡನ್ನೂ ಬರೆದಿಡಿ. ಯಾವುದನ್ನೂ ಅಳಿಸಬೇಡಿ.

ದೆಹಲಿಗೆ ಪತ್ರ

ಏರ್‌ಮನ್‌ಗಳ ಸೇವಾ ದಾಖಲೆಗಳನ್ನು ನೋಡಿಕೊಳ್ಳುವುದು ನವದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ವಾಯುಸೇನಾ ದಾಖಲೆಗಳ ಕಚೇರಿ. ಪತ್ರದ ಮೊದಲ ಸಾಲಿನಲ್ಲೇ ಸೇವಾ ಸಂಖ್ಯೆ, ಹುದ್ದೆ, ಹೆಸರು, ಟ್ರೇಡ್ ಇರಲಿ. ಆಮೇಲೆ ಸೇರಿದ, ಬಿಡುಗಡೆಯಾದ ದಿನಾಂಕಗಳು, ನೀವು ಅವರಿಗೆ ಏನಾಗಬೇಕು ಎಂಬುದು, ಅದಕ್ಕೆ ಪುರಾವೆ, ಅವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿ. ಏನು ಬೇಕು ಎಂಬುದನ್ನು ಬಿಡಿಬಿಡಿಯಾಗಿ ಬರೆಯಿರಿ: ಅರ್ಹವಾಗಿರುವ ಎಲ್ಲ ಪದಕಗಳ ಪಟ್ಟಿ, ಅವುಗಳಲ್ಲಿ ವಿತರಣೆಯಾದವು ಯಾವುವು, ಸೇವೆ ಸಲ್ಲಿಸಿದ ಘಟಕಗಳು ಮತ್ತು ಅವಧಿ. ವಿತರಣೆಯಾಗದ ಪದಕ ಇನ್ನೂ ಬಾಕಿ ಇದ್ದರೆ ಅದನ್ನು ಕೋರಿ ಬೇರೆಯೇ ಪತ್ರ ಬರೆಯುವುದು ಒಳ್ಳೆಯದು. ಎರಡು ವಿಷಯಗಳನ್ನು ಒಂದೇ ಪತ್ರದಲ್ಲಿ ಹಾಕಿದರೆ ಒಂದಕ್ಕೆ ಉತ್ತರ ಬಂದು ಇನ್ನೊಂದು ಉಳಿದುಬಿಡುತ್ತದೆ. ನನಗೆ ಹಾಗೇ ಆಯಿತು. ಪದಕ ಕಳೆದುಹೋಗಿದ್ದರೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯನ್ನು ಇಟ್ಟುಕೊಂಡಿರಿ.

ಪತ್ರ ಬರೆಯುವುದು ಕಷ್ಟವೆನಿಸಿದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಡಿಸ್ಚಾರ್ಜ್ ಪುಸ್ತಕ ಹಿಡಿದು ಹೋಗಿ. ಅಲ್ಲಿ ಕೆಲಸ ಮಾಡುವವರಲ್ಲಿ ಮಾಜಿ ಸೈನಿಕರೇ ಹೆಚ್ಚು, ಒಂದು ಪುಟ ನೋಡಿ ಅರ್ಧ ಕತೆ ಹೇಳಬಲ್ಲರು. ಬಹಳ ದಿನ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಿಸುವ ಅವಕಾಶ ಕಾಯ್ದೆಯಲ್ಲಿರುವುದರಿಂದ ಸಂಬಂಧದ ಪುರಾವೆಯನ್ನು ಇದಕ್ಕೂ ಲಗತ್ತಿಸಿ. ಮೂಲ ಕಾಗದಗಳನ್ನು ಅಂಚೆಗೆ ಹಾಕಬೇಡಿ.

ಇಡುವ ಬಗೆ

ತಗಡಿನ ಡಬ್ಬಿಯನ್ನು ನೆನಪಿಗೆ ಇಟ್ಟುಕೊಳ್ಳಿ, ಪದಕಗಳನ್ನು ಹೊರತೆಗೆಯಿರಿ. ಒಂದಕ್ಕೊಂದು ತಾಗಿ ಉಜ್ಜದಂತೆ ಪ್ರತಿಯೊಂದನ್ನೂ ಗಂಜಿ ಹಾಕದ, ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳು ಬೇಡ, ಕಾಲ ಕಳೆದಂತೆ ಅಂಟಂಟಾಗಿ ಲೋಹವನ್ನು ಹಸಿರುಗಟ್ಟಿಸುತ್ತವೆ. ನ್ಯಾಫ್ತಲೀನ್ ಗುಳಿಗೆಯೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ, ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ತಿಂಗಳಿಗೊಮ್ಮೆ ಬದಲಿಸಿ. ಮುಟ್ಟುವಾಗ ಕೈ ಒಣಗಿರಲಿ, ಬೆವರಿನ ಬೆರಳಚ್ಚು ಲೋಹದ ಮೇಲೆ ಉಳಿಯುತ್ತದೆ.

ಗೋಡೆಗೆ ಹಾಕಲು ಚೌಕಟ್ಟು ಮಾಡಿಸುವುದಾದರೆ ಬಿಸಿಲು ಬೀಳದ, ಅಡುಗೆಮನೆಯಿಂದ ದೂರದ ಗೋಡೆ ಆರಿಸಿ. ಅಂಟು ಹಾಕಿ ಕೂರಿಸುತ್ತೇನೆ ಎಂದು ಚೌಕಟ್ಟಿನವರು ಹೇಳಿದರೆ ಒಪ್ಪಬೇಡಿ, ರಿಬ್ಬನ್ನಿನ ಮೇಲ್ಭಾಗಕ್ಕೆ ನಾಲ್ಕು ಹೊಲಿಗೆ ಸಾಕು. ರಿಬ್ಬನ್ ಚಿಂದಿಯಾಗಿದ್ದರೆ 32 ಮಿಲಿಮೀಟರ್ ಅಗಲದ ಹೊಸದನ್ನು ಸೇನಾ ಸಾಮಗ್ರಿಯ ಅಂಗಡಿಯಲ್ಲಿ ಕೊಂಡು ಹಾಕಿ, ಹಳೆಯದನ್ನು ಲಕೋಟೆಯಲ್ಲಿಟ್ಟು ಯಾವ ಪದಕದ್ದು ಎಂದು ಬರೆಯಿರಿ.

ಮಕ್ಕಳು ಬೇರೆ ಬೇರೆ ಊರುಗಳಲ್ಲಿದ್ದರೆ ಆಸ್ತಿಯಂತೆ ಪದಕಗಳನ್ನೂ ಹಂಚಿಕೊಳ್ಳುವ ಮಾತು ಬರುತ್ತದೆ. ದಯವಿಟ್ಟು ಸಾಲನ್ನು ಒಡೆಯಬೇಡಿ. ಒಂದೊಂದಾಗಿ ಅವು ಬರಿಯ ಬಿಲ್ಲೆಗಳು. ಒಬ್ಬರ ಬಳಿ ಪೂರ್ತಿ ಸಾಲು ಇರಲಿ, ಉಳಿದವರಿಗೆ ನೋಟ್‌ಬುಕ್ಕಿನ ಮತ್ತು ಸ್ಕ್ಯಾನ್‌ಗಳ ಪ್ರತಿ ಹೋಗಲಿ. ನಮ್ಮಲ್ಲಿ ಸಾಲು ಅಕ್ಕನ ಮನೆಯಲ್ಲಿದೆ, ಕಂದಕಕ್ಕೆ ಇಳಿದವಳು ಅವಳು. ಅಮ್ಮನ ಧ್ವನಿಮುದ್ರಣ ಇಬ್ಬರ ಬಳಿಯೂ ಇದೆ. ಅಂಚು ಸವೆದ ಎರಡು ಪದಕಗಳ ಪಕ್ಕದಲ್ಲಿ, ಡಿಸ್ಚಾರ್ಜ್ ಪುಸ್ತಕದಿಂದ ನಕಲು ಮಾಡಿದ ಸೇವಾ ಸಂಖ್ಯೆ, ಹುದ್ದೆ, ಹೆಸರುಗಳನ್ನು ಅಮ್ಮ ತಮ್ಮ ಕೈಯಿಂದಲೇ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಇಟ್ಟಿದ್ದಾರೆ.